ಅಪ್ಪನ 2 ಜಿಬಿ ಕಾರ್ಡ್

(1/6)
ಫೋಟೊದಲ್ಲಿ ನನ್ನ ಉಗುರು ನೋಡ್ಬೇಡಿ, ಉಗುರಿನ ಪಕ್ಕ ಇರೋದನ್ನ ನೋಡಿ. 2 ಜಿಬಿ ಮೆಮೊರಿ ಕಾರ್ಡ್. ನಮ್ಮ ಕ್ಲಾಸಲ್ಲಿ ಎಷ್ಟೋ ಜನ ಇದನ್ನ ಕೊನೇ ಸಲ ಯಾವಾಗ ಮುಟ್ಟಿದ್ರೋ ಅವರಿಗೇ ನೆನಪಿರಲ್ಲ. ನಮ್ಮಪ್ಪ ಇದನ್ನ ಒಂದು ಬೆಂಕಿಪೊಟ್ಟಣದಲ್ಲಿ ಹಾಕಿ, ಆ ಪೊಟ್ಟಣವನ್ನ ಪಹಣಿ, ಎಲ್‌ಐಸಿ ಬಾಂಡ್ ಇಡೋ ಸ್ಟೀಲ್ ಡಬ್ಬಿಯೊಳಗೆ ಇಟ್ಟಿದ್ರು. ಹತ್ತು ವರ್ಷದಿಂದ.

ಹೋದ ತಿಂಗಳು ಅರಸೀಕೆರೆಯಲ್ಲಿ ಅತ್ತೆ ಮಗಳ ಮದುವೆ ಮಾತು ಗಟ್ಟಿಯಾಯ್ತು. ಆ ರಾತ್ರಿ ಊಟ ಆದ್ಮೇಲೆ ಅಪ್ಪ ಬೆಂಕಿಪೊಟ್ಟಣ ತಂದು ನನ್ನ ಕೈಗಿಟ್ರು. "ಇದ್ರಲ್ಲಿ ಅವ್ವನ ಸೋಬಾನೆ ಪದ ಐತೆ ಕಣಮ್ಮ. ನಿನ್ ಫೋನಿಗೆ ಹಾಕ್ಕೊ. ಚಪ್ಪರದ ದಿನ ಸ್ಪೀಕರ್‌ಗೆ ಕೊಡಾನ. ಮೊಮ್ಮಗಳ ಮದುವೇಲಿ ಹಾಡ್ಬೇಕು ಅಂತ ಅವ್ವಂಗೆ ಭಾಳ ಆಸೆ ಇತ್ತು."

ಆ ಕಾರ್ಡಲ್ಲಿ ಅಜ್ಜಿ ಪದ ಇಲ್ಲ. ಅದು ನನಗೆ ಹತ್ತು ವರ್ಷದಿಂದ ಗೊತ್ತು.

"ಹೂಂ ಅಪ್ಪ" ಅಂದೆ.

(ಇನ್‌ಸ್ಟಾ 2200 ಅಕ್ಷರಕ್ಕೆ ಬಾಯಿ ಮುಚ್ಚಿಸುತ್ತೆ. ಅದಕ್ಕೇ ಆರು ಪೋಸ್ಟ್. ಬೈಕೋಬೇಡಿ.)

(2/6)
2012. ಹಳೇಬೀಡಲ್ಲಿ ನಮ್ಮ ಮನೆ ಮುಂದೆ ಚಿಕ್ಕಪ್ಪನ ಮದುವೆ ಚಪ್ಪರ. ನನಗೆ ಏಳು ವರ್ಷ. ಹೆಣ್ಣು-ಗಂಡನ್ನ ಹಸೆಗೆ ಕರೆಯೋ ಪದ ಹಾಡೋದು ನಮ್ಮ ಬೀದೀಲಿ ಅಜ್ಜಿ ಕೆಲಸ. ಒಬ್ಬರು ಹೇಳ್ಕೊಡ್ತಾರೆ, ಉಳಿದ ಹೆಂಗಸ್ರು ಹಿಮ್ಮೇಳ ಎತ್ತಿಕೊಳ್ತಾರೆ. ಪುಸ್ತಕ ಇಲ್ಲ, ಬರೆದಿಟ್ಟಿದ್ದಿಲ್ಲ. ಅಜ್ಜಿಗೆ ಓದಕ್ಕೇ ಬರ್ತಿರ್ಲಿಲ್ಲ. ಅಪ್ಪ ತಮ್ಮ ನೋಕಿಯಾ ಕೀಪ್ಯಾಡ್ ಫೋನನ್ನ ಅಜ್ಜಿ ಬಾಯಿ ಹತ್ರ ಹಿಡಿದು ರೆಕಾರ್ಡ್ ಮಾಡಿದ್ರು. "ಅದೇನ್ಲಾ ಅದು, ಮೂತಿಗೆ ಹಿಡೀತೀಯ" ಅಂತ ಅಜ್ಜಿ ಬೈದಿದ್ದೂ ಅದರಲ್ಲಿತ್ತು.

ಆ ಫೈಲ್ ಎಎಂಆರ್ ಅನ್ನೋ ನಮೂನೆದು. ಫೋನ್ ಮಾತಿಗೆ ಅಂತ ಮಾಡಿದ್ದು, ಹಾಡಿಗಲ್ಲ. ಅದಕ್ಕೇ ಅಜ್ಜಿ ದನಿ ಡಬ್ಬದೊಳಗಿಂದ ಬಂದ ಹಾಗೆ ಕೇಳ್ತಿತ್ತು. ಆದ್ರೂ ಅಜ್ಜೀನೇ.

ಮಾರನೇ ವರ್ಷ ಅಜ್ಜಿ ಹೋದ್ರು. ಅಪ್ಪ ಆ ಪದವನ್ನ ಎಲ್ಲರ ಮುಂದೆ ಹಾಕ್ತಿರ್ಲಿಲ್ಲ. ರಾತ್ರಿ ಮೋಟರ್ ಆನ್ ಮಾಡಕ್ಕೆ ತೋಟಕ್ಕೆ ಹೋಗುವಾಗ ಜೇಬಲ್ಲಿ ಹಾಕ್ಕೊಂಡು ಕೇಳ್ತಿದ್ರು. ತೆಂಗಿನ ಸಾಲಿನ ಆ ಕಡೆಯಿಂದ ಸಣ್ಣಗೆ ಕೇಳೋದು.

ಆಗ ನಮ್ಮ ಪಕ್ಕದ ಮನೇಲಿ ನನ್ನ ಬೆಸ್ಟ್ ಫ್ರೆಂಡ್ ಇದ್ಲು. ಅವಳ ಹೆಸರು ಬರೆಯಲ್ಲ. ಅವಳಮ್ಮನಿಗೆ ತಂಗಿ ಮದುವೇಲಿ ಹಾಡೋ ಆಸೆ. "ಆ ಪದ ನಂಗೂ ಕಳಿಸೇ" ಅಂತ ನನ್ನ ಕೇಳಿದ್ರು. ಎರಡು ಫೋನನ್ನ ಜಗಲಿ ಮೇಲೆ ಪಕ್ಕಪಕ್ಕ ಇಟ್ಟು ಬ್ಲೂಟೂತ್‌ನಲ್ಲಿ ಕಳಿಸಿದ್ದು ನಾನೇ. ಚಿಕ್ಕ ಫೈಲ್, ಸರ್ರನೆ ಹೋಯ್ತು.

(3/6)
ಈಗ ತಪ್ಪೊಪ್ಪಿಗೆ.

2015ರ ಶುರು. 'ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ' ಬಿಡುಗಡೆಯಾಗಿ ಸ್ವಲ್ಪ ದಿನ ಆಗಿತ್ತು, ಊರಲ್ಲಿ ಎಲ್ಲಿ ಹೋದ್ರೂ ಅದರ ಹಾಡೇ. ಆಗ ಜಿಯೋ ಇಲ್ಲ (ಅದು ಬಂದಿದ್ದು 2016ರ ಸೆಪ್ಟೆಂಬರ್‌ನಲ್ಲಿ). ಹಾಡು ಬೇಕು ಅಂದ್ರೆ ಮೊಬೈಲ್ ಅಂಗಡಿಗೆ ಹೋಗಿ ಕಾರ್ಡಿಗೆ ಹಾಕಿಸ್ಬೇಕು. ಅಪ್ಪನ ಕೇಳದೇ ಕಾರ್ಡ್ ತೆಗ್ದು, ಸಂತೆಗೆ ಅಂತ ಅಮ್ಮ ಕೊಟ್ಟ ದುಡ್ಡಲ್ಲಿ ಇಪ್ಪತ್ತು ರೂಪಾಯಿ ಮಿಗಿಸ್ಕೊಂಡು ಹೋದೆ.

ಅಂಗಡಿ ಅಂಕಲ್ ಕಂಪ್ಯೂಟರ್‌ಗೆ ಹಾಕಿ, "ಜಾಗ ಇಲ್ಲಮ್ಮ, ಫಾರ್ಮ್ಯಾಟ್ ಮಾಡ್ಲಾ?" ಅಂದ್ರು.

ಫಾರ್ಮ್ಯಾಟ್ ಅಂದ್ರೆ ಏನೋ ಒಳ್ಳೇದು ಅನ್ಕೊಂಡೆ. "ಹೂಂ ಮಾಡಿ ಅಂಕಲ್."

ಆ ರಾತ್ರಿ ಗೊತ್ತಾಯ್ತು. ಕಾರ್ಡ್ ತುಂಬ ಹಾಡು, ಅಜ್ಜಿ ಮಾತ್ರ ಇಲ್ಲ. ಅಪ್ಪ ಕೇಳಿದ್ರೆ ಏನು ಹೇಳ್ಲಿ ಅಂತ ಜ್ವರ ಬರೋ ಹಾಗಾಗಿತ್ತು. ನನ್ನ ಪುಣ್ಯವೋ ಪಾಪವೋ, ಆ ವಾರವೇ ಅಪ್ಪನ ಫೋನ್ ನೀರಿನ ತೊಟ್ಟಿಗೆ ಬಿತ್ತು. ಹೊಸ ಟಚ್ ಫೋನ್ ಬಂತು. ಅಪ್ಪ ಹಳೇ ಫೋನಿಂದ ಕಾರ್ಡ್ ಬಿಚ್ಚಿ, ಒರೆಸಿ, ಬೆಂಕಿಪೊಟ್ಟಣಕ್ಕೆ ಹಾಕಿದ್ರು. ಕೇಳಿ ಕೇಳಿ ಹಾಳಾಗಬಾರದು ಅಂತ ಆಮೇಲೆ ಮುಟ್ಟಲೇ ಇಲ್ಲ.

ಈಗ ಕಾರ್ಡ್ ಕೈಗೆ ಬಂದ್ಮೇಲೆ ಅರಸೀಕೆರೆಗೆ ಒಯ್ದೆ. ದಿನಾ ಕಾಲೇಜಿಗೆ ಜಾವಗಲ್, ಬಾಣಾವರ ಮೇಲೆ ಅಲ್ಲಿಗೇ ತಾನೆ ಹೋಗೋದು (ಆಧಾರ್ ತೋರಿಸಿ ಝೀರೋ ಟಿಕೆಟ್). ಡೇಟಾ ರಿಕವರಿ ಮಾಡ್ತೀವಿ ಅಂತ ಬೋರ್ಡ್ ಹಾಕಿದ್ದ ಅಂಗಡೀಲಿ ಕೊಟ್ಟೆ. ಅವರು ಹೇಳಿದ್ದು ಇಷ್ಟು: ಫಾರ್ಮ್ಯಾಟ್ ಮಾಡಿದ ತಕ್ಷಣ ಫೈಲ್ ಸಾಯಲ್ಲ. ಪುಸ್ತಕದ ಪರಿವಿಡಿ ಹರಿದ ಹಾಗೆ ಅಷ್ಟೆ, ಪುಟಗಳು ಒಳಗೇ ಇರುತ್ತೆ. ಆದ್ರೆ ಅದರ ಮೇಲೆ ಬೇರೇದು ಬರೆದ್ರೆ ಮುಗೀತು. ನಾನು ಕಾರ್ಡ್ ತುಂಬ ಬರೆಸಿದ್ದೆ, ದುಡ್ಡು ಕೊಟ್ಟು.

(4/6)
ಹಾಗಾಗಿ ಉಳಿದಿದ್ದು ಒಂದೇ ಕಾಪಿ, ಅವಳಮ್ಮನ ಫೋನಿಂದು. ಅವಳ ಜೊತೆ ನಾನು ಮಾತಾಡಿ ಐದು ವರ್ಷ.

7ನೇ ಕ್ಲಾಸ್ ಆದ್ಮೇಲೆ ಅವರು ಬೇಲೂರಿಗೆ ಮನೆ ಬದಲಾಯಿಸಿದ್ರು. 16 ಕಿಲೋಮೀಟರ್ ಏನು ದೂರ ಅಲ್ಲ, ಫೋನಲ್ಲಿ ದಿನಾ ಸಿಗ್ತಿದ್ವಿ. 2020ರ ಲಾಕ್‌ಡೌನ್‌ನಲ್ಲಿ ಒಂದು ಮಧ್ಯಾಹ್ನ ವಿಡಿಯೊ ಕಾಲ್‌ನಲ್ಲಿ ನೈಟಿ ಹಾಕ್ಕೊಂಡು, ತಲೆಗೆ ಎಣ್ಣೆ ಮೆತ್ತಿಕೊಂಡು, ಅಪ್ಪು ಹಾಡಿಗೆ ಕುಣಿದ್ಲು. ನನಗೆ ಅಂತ ಕುಣಿದಿದ್ದು. ನಾನು ಸ್ಕ್ರೀನ್ ರೆಕಾರ್ಡ್ ಮಾಡಿ ಟಿಕ್‌ಟಾಕ್‌ಗೆ ಹಾಕ್ದೆ. ಜನ ನಕ್ಕರು. ನಾನೂ ಕಾಮೆಂಟಲ್ಲಿ ನಕ್ಕೆ.

ಅವಳ ಮಾವ ನೋಡಿದ್ರು. ಮನೇಲಿ ದೊಡ್ಡ ಗಲಾಟೆ. ಅವಳ ಕೈಯಿಂದ ಫೋನ್ ಕಿತ್ತುಕೊಂಡ್ರು. ಆ ವರ್ಷ ಎಸ್ಸೆಸ್ಸೆಲ್ಸಿ, ನಾವೆಲ್ಲ ಆನ್‌ಲೈನ್ ಕ್ಲಾಸಲ್ಲಿ ಇದ್ರೆ ಅವಳು ಚಂದನ ಟಿವೀಲಿ ಬರೋ ಪಾಠ ನೋಡ್ಕೊಂಡು ಓದಿದ್ಲಂತೆ. ಜೂನ್ 29ಕ್ಕೆ ಟಿಕ್‌ಟಾಕ್ ಬ್ಯಾನ್ ಆಯ್ತು. ವಿಡಿಯೊ ತಾನಾಗೇ ಹೋಯ್ತು, ಇನ್ನು ಸಾರಿ ಕೇಳೋದೇನಿದೆ ಅಂತ ನನಗೆ ನಾನೇ ಹೇಳ್ಕೊಂಡೆ. ಕೇಳಲೇ ಇಲ್ಲ.

ಇದನ್ನ ಪೋಸ್ಟ್ ಮಾಡೋ ಮುಂಚೆ ಅವಳಿಗೆ ಕಳಿಸಿ ಓದಿಸಿದ್ದೀನಿ. ಒಂದು ಸಾಲು ತೆಗಿ ಅಂದ್ಲು, ತೆಗ್ದಿದ್ದೀನಿ.

ಮೆಸೇಜ್‌ನ ಹನ್ನೊಂದು ಸಲ ಬರೆದು ಅಳಿಸಿ, ಕೊನೆಗೆ ನಡೆದಿದ್ದೆಲ್ಲ ಬರೆದು ಕಳಿಸ್ದೆ. ಎರಡು ದಿನ ಬ್ಲೂ ಟಿಕ್ ಮಾತ್ರ. ಮೂರನೇ ದಿನ ಬಂತು: "ಆ ಫೋನ್ ಯಾವಾಗ್ಲೋ ಎಕ್ಸ್‌ಚೇಂಜ್‌ಗೆ ಹೋಯ್ತು. ಅಮ್ಮಂಗೆ ಪದ ಬರುತ್ತೆ. ಭಾನುವಾರ ಬಾ."

(5/6)
ಸೀದಾ ಮನೆಗೆ ಬಾ ಅನ್ಲಿಲ್ಲ. ಬೇಲೂರು ಗುಡಿ ಹತ್ರ ಬಾ ಅಂದ್ಲು.

ನಾವು ಹಳೇಬೀಡು-ಬೇಲೂರಿನೋರು ಗುಡಿ ನೋಡೋದು ನೆಂಟರು ಬಂದಾಗ ಮಾತ್ರ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದಾಗ ಎಲ್ಲರೂ ಸ್ಟೇಟಸ್ ಹಾಕಿದ್ವಿ, ಹೋಗಿ ನೋಡಿದೋರು ಎಷ್ಟು ಜನ? ಅವತ್ತು ಅವಳ ಮುಖ ನೋಡಕ್ಕಾಗದೆ ನಾನು ಮದನಿಕೆಗಳನ್ನೇ ನೋಡ್ತಾ ನಿಂತಿದ್ದೆ. ಕುಣಿಯೋಳ ಕಾಲ ಹತ್ರ ಮದ್ದಳೆ ಬಾರಿಸೋ ಪುಟ್ಟ ಪುಟ್ಟ ಆಳುಗಳಿರ್ತಾರಲ್ಲ, ಅವರನ್ನ. 1117ರಿಂದ ಬಾರಿಸ್ತಾನೇ ಇದ್ದಾರೆ. ಏನು ತಾಳ ಅಂತ ಯಾರಿಗೆ ಗೊತ್ತು.

"ಸಾರಿ ಕಣೇ" ಅಂದೆ.

"ಅವತ್ತೇ ಅಂದಿದ್ರೆ ಸಾಕಿತ್ತು. ಈಗ ಪದ ಬೇಕು ಅಂತ ಬಂದಿದ್ದೀಯ" ಅಂದ್ಲು.

ನಿಜ. ಏನೂ ಹೇಳಕ್ಕಾಗ್ಲಿಲ್ಲ.

(ಕಾಮರ್ಸ್‌ನೋರಿಗೆ ಮಾತ್ರ: ಬ್ಯಾಡ್ ಡೆಟ್ಸ್ ರಿಕವರ್ಡ್ ಎಂಟ್ರಿ ನೆನಪಿದೆಯಾ? ಬಾರದು ಅಂತ ಬಿಟ್ಟ ಸಾಲ ವಾಪಸ್ ಬಂದ್ರೆ ಆ ವ್ಯಕ್ತಿಯ ಖಾತೆಗೆ ಜಮಾ ಮಾಡಂಗಿಲ್ಲ. ಆ ಖಾತೆ ಆಗಲೇ ಮುಚ್ಚಿದೆ. ಪರೀಕ್ಷೇಲಿ ಎರಡು ಸಲ ತಪ್ಪು ಮಾಡಿದ್ದೆ.)

ಸ್ವಲ್ಪ ಹೊತ್ತಾದ್ಮೇಲೆ, "ಬಾ, ಅಮ್ಮ ಅಕ್ಕಿ ರೊಟ್ಟಿ ತಟ್ತಿದ್ದಾರೆ" ಅಂತ ಮುಂದೆ ನಡೆದ್ಲು.

ಆಂಟಿ ಒಲೆ ಮುಂದೆ ಕೂತೇ ಹಾಡಿದ್ರು. ಬ್ಲೂಟೂತ್‌ನಲ್ಲಿ ಬಂದ ಆ ಫೈಲನ್ನ ಒಂದು ತಿಂಗಳು ಪಾತ್ರೆ ತೊಳೀತಾ ಕೇಳಿ ಕಲಿತಿದ್ದಂತೆ. ಆಮೇಲೆ ಐದಾರು ಮದುವೇಲಿ ಹಾಡಿದ್ದಾರಂತೆ. "ನಿಮ್ಮಜ್ಜಿ ಬೈಯ್ಯೋದೂ ಬಾಯಿಪಾಠ ಆಗಿತ್ತು ಕಣೇ" ಅಂತ ಅದನ್ನೂ ಹೇಳಿ ತೋರಿಸಿದ್ರು. ಥೇಟ್ ಅಜ್ಜಿ ರಾಗ. ನಾನು ರೆಕಾರ್ಡ್ ಮಾಡ್ದೆ. ಈ ಸಲ ಕೇಳಿ ಮಾಡ್ದೆ.

(6/6)
ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಅಂಗಡಿ, ಇಪ್ಪತ್ತು ರೂಪಾಯಿ, ಫಾರ್ಮ್ಯಾಟ್.

ಅಪ್ಪ ಬೈಲಿಲ್ಲ. ಕೈ ಚಾಚಿ ಕಾರ್ಡ್ ಇಸ್ಕೊಂಡ್ರು. ಬೆಂಕಿಪೊಟ್ಟಣಕ್ಕೆ ಹಾಕಿ, ಡಬ್ಬೀಲಿಟ್ಟು ಮುಚ್ಚಳ ಒತ್ತಿದ್ರು. ಖಾಲಿ ಕಾರ್ಡ್ ಅಂತ ಗೊತ್ತಾದ್ಮೇಲೂ. ಬೈದಿದ್ರೆ ಎಷ್ಟೋ ಚೆನ್ನಾಗಿರೋದು.

ಅವತ್ತು ಊಟಕ್ಕೂ ಮಾತಿಲ್ಲ. ರಾತ್ರಿ ತೋಟಕ್ಕೆ ಹೊರಟೋರು ಬಾಗಿಲಲ್ಲಿ ನಿಂತು, "ಹಾಕು, ಅದೇನ್ ಹಾಡವ್ಳೋ ಕೇಳಾನ" ಅಂದ್ರು. ಒಂದು ಸಲ ಕೇಳಿದ್ರು. ಇನ್ನೊಂದು ಸಲ ಹಾಕು ಅಂದ್ರು. ಮೂರನೇ ಸಲ ಮಧ್ಯದಲ್ಲೇ ಕೈ ಎತ್ತಿ, "ನಿಲ್ಸು ನಿಲ್ಸು. ಇಲ್ಲಿ ತಪ್ಪು. ಅವ್ವ ಇಲ್ಲಿ ಇಳೀತಿರ್ಲಿಲ್ಲ, ಎಳೀತಿತ್ತು" ಅಂತ ಟಾರ್ಚ್ ಹಿಡ್ಕೊಂಡೇ ಹಾಡಿ ತೋರಿಸಿದ್ರು.

ನಮ್ಮಪ್ಪ ಹಾಡಿದ್ದು ನಾನು ಕೇಳಿದ್ದು ಅದೇ ಮೊದಲು. ಅಮ್ಮ ಸೌಟು ಹಿಡ್ಕೊಂಡು ಅಡುಗೆಮನೆಯಿಂದ ಇಣುಕಿದ್ರು. ರೆಕಾರ್ಡ್ ಮಾಡ್ಲಿಲ್ಲ, ಅಷ್ಟು ಹೊತ್ತಿಗೆ ಫೋನ್ ಇದೆ ಅನ್ನೋದೇ ಮರೆತುಹೋಗಿತ್ತು.

"ಆ ಹೆಣ್ಮಗಳಿಗೆ ಹೇಳು, ಚಪ್ಪರದ ದಿನ ಅರಸೀಕೆರೆಗೆ ಬಂದು ಅವ್ರೇ ಹಾಡ್ಬೇಕು ಅಂತ. ಸ್ಪೀಕರ್ ಬೇಡ. ಅದೊಂದು ಜಾಗ ಮಾತ್ರ ಸರಿ ಮಾಡ್ಕೊಳ್ಳಕ್ಕೆ ಹೇಳು" ಅಂತ ಹೇಳಿ ತೋಟಕ್ಕೆ ಹೋದ್ರು.

ಅವಳಿಗೆ ಮೆಸೇಜ್ ಮಾಡ್ದೆ. ಈ ಸಲ ಎರಡು ದಿನ ಕಾಯಿಸ್ಲಿಲ್ಲ.

"ಬರ್ತೀವಿ. ಆದ್ರೆ ಅಮ್ಮ ಹೇಳ್ತಿದ್ದಾರೆ, ತಪ್ಪು ನಿಮ್ಮಪ್ಪಂದೇ ಅಂತೆ."