ತೆರೆಯ ಮೇಲಿನ ಗಣಿ, ಮಾರಿಕುಪ್ಪದ ದೂಳು

ಬಂಗಾರಪೇಟೆಯಲ್ಲಿ ಮುಖ್ಯ ಹಳಿ ಬಿಟ್ಟು ಮಾರಿಕುಪ್ಪದ ಕಡೆಗೆ ಹೊರಳುವ ರೈಲಿಗೆ ಕೋರಮಂಡಲ್, ಊರ್ಗಾಂ, ಚಾಂಪಿಯನ್ ಎಂಬ ಪುಟ್ಟ ನಿಲ್ದಾಣಗಳು ಒಂದರ ಹಿಂದೊಂದು ಸಿಗುತ್ತವೆ. ಇವೆಲ್ಲ ಹಳೆಯ ಚಿನ್ನದ ಗಣಿಗಳ ಹೆಸರುಗಳು. ಒಂದು ಭಾನುವಾರ ಈ ರೈಲಿನಲ್ಲಿ ಬೆಂಗಳೂರಿನ ಗುಮಾಸ್ತರೊಬ್ಬರು ಹತ್ತನೆಯ ತರಗತಿಯ ಮಗನೊಡನೆ ಕುಳಿತಿದ್ದರು. ಸಿನಿಮಾದಲ್ಲಿ ಕಂಡ ಗಣಿಯನ್ನು ಕಣ್ಣಾರೆ ನೋಡಬೇಕೆಂಬುದು ಮಗನ ಹಟ. ಸೈನೈಡ್ ಗುಡ್ಡದ ನೆತ್ತಿಯ ಮೇಲೆ ನಾಯಕನ ಹಾಗೆ ನಿಂತು ಫೋಟೋ ತೆಗೆಸಿಕೊಂಡು ಸ್ನೇಹಿತರಿಗೆ ತೋರಿಸಬೇಕೆಂಬುದು ಅವನ ಆಸೆ. ಪರೀಕ್ಷೆ ಮುಗಿದ ಮೇಲೆ ಕರೆದೊಯ್ಯುತ್ತೇನೆಂದು ತಂದೆ ಮಾತು ಕೊಟ್ಟಿದ್ದರು.

ತಂದೆ ಸಿನಿಮಾ ಪಂಡಿತರೇನಲ್ಲ. ವರ್ಷಕ್ಕೆ ನಾಲ್ಕೈದು ಚಿತ್ರ ನೋಡಿ, ಕೊಟ್ಟ ದುಡ್ಡಿಗೆ ಮೋಸವಾಯಿತೇ ಇಲ್ಲವೇ ಎಂದು ಲೆಕ್ಕ ಹಾಕುವ ಸಾಮಾನ್ಯ ಪ್ರೇಕ್ಷಕ. 2018ರ ಡಿಸೆಂಬರಿನಲ್ಲಿ ತೆರೆ ಕಂಡ ‘ಕೆ.ಜಿ.ಎಫ್.’ ಮೊದಲ ಭಾಗ ಅವರಿಗೆ ಹಿಡಿಸಿತ್ತು. ಮಸಿ ಬಳಿದಂಥ ಬಣ್ಣ, ತಾಯಿಗೆ ಕೊಟ್ಟ ಮಾತು, ಕತ್ತಲ ಗಣಿಯಲ್ಲಿ ಸುತ್ತಿಗೆ ಎತ್ತುವ ಜನ, ಇವೆಲ್ಲ ಮನಸ್ಸಿನಲ್ಲಿ ಉಳಿದಿದ್ದವು. 2022ರ ಏಪ್ರಿಲ್‌ನಲ್ಲಿ ಮಗನನ್ನೂ ಕರೆದುಕೊಂಡು ನೋಡಿದ ಎರಡನೆಯ ಭಾಗದ ಬಗ್ಗೆ ಅವರ ಅಭಿಪ್ರಾಯವೇ ಬೇರೆ. ‘ದೊಡ್ಡಮ್ಮ’ ಎಂಬ ಯಂತ್ರಬಂದೂಕಿನ ಆರ್ಭಟ, ಕಾದು ಕೆಂಪಾದ ಅದರ ನಳಿಗೆಯಿಂದ ಸಿಗರೇಟು ಹೊತ್ತಿಸಿಕೊಳ್ಳುವ ನಾಯಕ. “ಶಿಳ್ಳೆಗೆ ಸರಿ. ಆದರೆ ಇಷ್ಟು ಜನ ಸತ್ತರೂ ನಮಗೆ ಒಬ್ಬನ ಮುಖವೂ ನೆನಪಿಲ್ಲವಲ್ಲ!” ಎಂದು ಅಂದೇ ಹೇಳಿದ್ದರು. ಮಗ ಒಪ್ಪಿರಲಿಲ್ಲ.

ಮಗನಿಗೆ ತೋರಿಸದ ಇನ್ನೊಂದು ಚಿತ್ರವೂ ಇತ್ತು. ಅದು 2018ರಲ್ಲೇ ಬಂದು, 2024ರಲ್ಲಿ ಮತ್ತೆ ಚಿತ್ರಮಂದಿರಗಳಲ್ಲಿ ತೆರೆ ಕಂಡ ಹಿಂದಿಯ ‘ತುಂಬಾಡ್’. ವಯಸ್ಕರಿಗೆ ಮಾತ್ರ ಎಂಬ ಪ್ರಮಾಣಪತ್ರ ಇದ್ದುದರಿಂದ ತಂದೆ ಒಬ್ಬರೇ ಹೋಗಿದ್ದರು. ಅದೂ ನೆಲದಡಿಯ ಚಿನ್ನದ ಕಥೆಯೇ. ಆದರೆ ಇದು ಭಯದ ಚಿತ್ರ. ಎಡೆಬಿಡದ ಮಳೆ, ಪಾಳು ವಾಡೆ, ಹಗ್ಗ ಹಿಡಿದು ಬಾವಿಗಿಳಿದು ಪಿಶಾಚಿಯಿಂದ ಚಿನ್ನದ ನಾಣ್ಯ ಕದಿಯುವ ಮನುಷ್ಯ. ಬಾಗಿಲ ಸಂದಿಯಿಂದ ದೆವ್ವ ಹಾರುವ ಚಿತ್ರಗಳ ಭಯ ಆಟೋ ಹತ್ತುವಷ್ಟರಲ್ಲಿ ಇಳಿದುಹೋಗುತ್ತದೆ. ಇದರದ್ದು ವಾರವಾದರೂ ಇಳಿದಿರಲಿಲ್ಲ.

ಮಾರಿಕುಪ್ಪದಲ್ಲಿ ಇಳಿದರೆ ಸಾಲು ಸಾಲು ಕಾರ್ಮಿಕರ ಲೈನ್ ಮನೆಗಳು. ದೂರದಲ್ಲಿ ತುಕ್ಕು ಹಿಡಿದು ನಿಂತ ಶಾಫ್ಟಿನ ಕಬ್ಬಿಣದ ಗೋಪುರ. ಅದರಾಚೆಗೆ ಬೂದು ಮಿಶ್ರಿತ ಬಿಳಿಯ ಗುಡ್ಡಗಳು. ಚಿತ್ರದಲ್ಲಿ ನಾಯಕ ಹುಟ್ಟಿದ 1951ರ ಆ ದಿನವೇ ಇಲ್ಲಿ ಚಿನ್ನ ಕಾಣಿಸುತ್ತದೆ. ನಿಜದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಸಂಸ್ಥೆ 1880ರ ದಶಕದಲ್ಲೇ ಗಣಿ ಕೆಲಸ ಹಿಡಿದಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿಲೋಮೀಟರ್ ದೂರದ ಈ ಊರಿಗೆ ಹರಿದು ಬಂತು. ನೂರಿಪ್ಪತ್ತು ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಕೊನೆಗಾಲದಲ್ಲಿ ಒಂದು ಟನ್ ಅದಿರು ಅರೆದರೆ ಮೂರು ಗ್ರಾಂ ಚಿನ್ನ ಸಿಗುವುದೂ ಕಷ್ಟವಾಗಿತ್ತು. ಮಿಕ್ಕದ್ದೆಲ್ಲ ಕಲ್ಲಿನ ಹಿಟ್ಟು. ಆ ಹಿಟ್ಟಿನ ರಾಶಿಯೇ ಸೈನೈಡ್ ಗುಡ್ಡ.

ಚಹಾದಂಗಡಿಯ ಬೆಂಚಿನ ಮೇಲೆ ಗಣಿಯಲ್ಲಿ ದುಡಿದ ಹಿರಿಯರೊಬ್ಬರು ಕುಳಿತಿದ್ದರು. ತಮಿಳಿನ ರಾಗ ಬೆರೆತ ಕನ್ನಡ. ಹುಡುಗ ಉತ್ಸಾಹದಿಂದ, “ತಾತಾ, ಒಳಗೆ ಸಿನಿಮಾದಲ್ಲಿ ಇದ್ದ ಹಾಗೇ ಇತ್ತಾ?” ಎಂದು ಕೇಳಿದ.

“ಅದು ಕಥೆ ತಮ್ಮಾ. ನಮ್ಮ ಕಾಲಕ್ಕೆ ಸಂಬಳ ಇತ್ತು, ಯೂನಿಯನ್ ಇತ್ತು, ಹಬ್ಬ ಇತ್ತು. ಹೊಡೆಯೋಕೆ ಯಾರೂ ಬರ್ತಿರಲಿಲ್ಲ. ಬಂಡೆ ಬರ್ತಿತ್ತು.”

ಬಂಡೆ ಬರುವುದೆಂದರೆ ಬಂಡೆಸಿಡಿತ. ಇಲ್ಲಿನ ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಅಷ್ಟು ಆಳದಲ್ಲಿ ಮೇಲಿನ ಕಲ್ಲಿನ ಭಾರವೇ ಒಂದು ಚದರ ಸೆಂಟಿಮೀಟರಿಗೆ ಸುಮಾರು 800 ಕಿಲೋಗ್ರಾಂ ಆಗುತ್ತದೆ. ಅದಿರು ತೆಗೆದು ಪೊಳ್ಳು ಮಾಡಿದ ಜಾಗದಲ್ಲಿ ಈ ಒತ್ತಡ ತಾಳದ ಗೋಡೆ ಒಮ್ಮೆಲೇ ಸಿಡಿಯುತ್ತದೆ. ಮೇಲಿನ ಮನೆಗಳಲ್ಲಿ ಪಾತ್ರೆಗಳು ಅಲುಗಿದರೆ, ಗಂಡ, ಮಗ ಒಳಗಿರುವ ಹೆಂಗಸರು ಶಾಫ್ಟಿನ ಬಳಿಗೆ ಓಡುತ್ತಿದ್ದರಂತೆ. ತಳದ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ತಣ್ಣನೆಯ ಗಾಳಿಯನ್ನು ಯಂತ್ರಗಳಿಂದ ಕೆಳಗೆ ತಳ್ಳಬೇಕಾಗಿತ್ತು. ಇದೇ ಆಳ ವಿಜ್ಞಾನಿಗಳಿಗೆ ವರವೂ ಆಯಿತು. ಮೇಲಿನ ಬಂಡೆ ಇತರ ಕಣಗಳನ್ನು ತಡೆಯುತ್ತಿದ್ದುದರಿಂದ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು 1965ರಲ್ಲಿ ಇಲ್ಲಿ ಸಿಕ್ಕಿತು.

“ಬಂಡೆ ತಪ್ಪಿಸಿಕೊಂಡವರನ್ನ ದೂಳು ಹಿಡೀತು,” ಎಂದರು ಹಿರಿಯರು, ಎದೆ ಮುಟ್ಟಿಕೊಂಡು. ಬೆಣಚುಕಲ್ಲಿನ ಅತಿ ಸಣ್ಣ ಕಣಗಳು ಶ್ವಾಸಕೋಶದೊಳಗೆ ಕೂತರೆ ಹೊರಬರುವುದಿಲ್ಲ. ಸುತ್ತಲಿನ ಅಂಗಾಂಶ ಗಾಯದ ಕಲೆಯಂತೆ ಗಟ್ಟಿಯಾಗಿ, ವರ್ಷಗಳ ನಂತರ ಉಸಿರೇ ಭಾರವಾಗುತ್ತದೆ. ಸಿಲಿಕೋಸಿಸ್ ಎಂಬ ಈ ರೋಗಕ್ಕೆ ಪೂರ್ಣ ಗುಣವಿಲ್ಲ. ಅವರ ತಂದೆಗೂ ಅದೇ ಇತ್ತು. “ನನ್ನ ಮಗನ್ನ ಮಾತ್ರ ಇಳಿಸಲಿಲ್ಲ. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗ್ತಾನೆ, ರಾತ್ರಿ ಬರ್ತಾನೆ.” ಗಣಿ ಮುಚ್ಚಿದ ಮೇಲೆ ಈ ಊರಿನ ಸಾವಿರಾರು ಮಂದಿಯ ಬದುಕು ಅದೇ ರೈಲಿನ ಮೇಲೆ ನಿಂತಿದೆ.

ಅಷ್ಟರಲ್ಲಿ ಗಾಳಿ ಎದ್ದಿತು. ಗುಡ್ಡದ ನೆತ್ತಿಯಿಂದ ಬಿಳಿಯ ಪರದೆಯೊಂದು ಬಿಚ್ಚಿಕೊಂಡು ಲೈನ್ ಮನೆಗಳ ಕಡೆಗೆ ಇಳಿಯಿತು. ಚಿನ್ನ ಕರಗಿಸಲು ಬಳಸಿದ ಸೈನೈಡಿನ ಬಹುಭಾಗ ಬಿಸಿಲು, ಗಾಳಿಗೆ ಕಾಲಕ್ರಮದಲ್ಲಿ ಒಡೆದುಹೋಗುತ್ತದೆ. ಕಲ್ಲಿನ ಹಿಟ್ಟು ಎಲ್ಲಿಗೂ ಹೋಗುವುದಿಲ್ಲ. ತೆರೆಯ ಮೇಲೆ ಅಷ್ಟು ಚೆಂದ ಕಂಡ ಮೋಡ ಇದೇ. ಒಂದು ಮನೆಯಿಂದ ಹೆಂಗಸೊಬ್ಬಳು ಓಡಿಬಂದು ಒಣಹಾಕಿದ ಬಟ್ಟೆಗಳನ್ನು ಬಾಚಿಕೊಂಡು ಬಾಗಿಲು ಹಾಕಿದಳು.

“ಫೋಟೋ?” ಎಂದರು ತಂದೆ.

ಹುಡುಗ ಗುಡ್ಡವನ್ನೊಮ್ಮೆ, ಮುಚ್ಚಿದ ಬಾಗಿಲನ್ನೊಮ್ಮೆ ನೋಡಿ, “ಬೇಡ ಅಪ್ಪಾ” ಎಂದ. ಕರವಸ್ತ್ರ ಮೂಗಿಗೆ ಹಿಡಿದು ಇಬ್ಬರೂ ನಿಲ್ದಾಣಕ್ಕೆ ನಡೆದರು.

ಹಿಂದಿರುಗುವ ರೈಲಿನಲ್ಲಿ ಹುಡುಗ, ಆ ಭಯದ ಚಿತ್ರದಲ್ಲಿ ಕೊನೆಗೆ ಏನಾಗುತ್ತದೆಂದು ಕೇಳಿದ. ತಂದೆ ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: “ಚಿನ್ನದ ಆಸೆಗೆ ಬಿದ್ದ ಅಪ್ಪ ತನ್ನ ಮಗನನ್ನೂ ಬಾವಿಗೆ ಇಳಿಸುತ್ತಾನೆ. ಕೊನೆಗೆ ಅಪ್ಪನೇ ಚಿನ್ನ ಚಾಚಿದರೂ ಮಗ ಬೇಡ ಅಂತಾನೆ.”

“ಚಹಾದಂಗಡಿ ತಾತ ಆ ಅಪ್ಪನಿಗಿಂತ ವಾಸಿ ಅಲ್ವಾ?”

ತಂದೆ ಹೌದೆಂದು ತಲೆಯಾಡಿಸಿದರು. ಹುಡುಗ ಬಾಗಿ, ಶೂಗಳ ಮೇಲೆ ಕೂತಿದ್ದ ಬಿಳಿ ದೂಳನ್ನು ಕರವಸ್ತ್ರದಿಂದ ಮೆಲ್ಲಗೆ ಒರೆಸತೊಡಗಿದ. ಬಂಗಾರಪೇಟೆ ಬಂದರೂ ಅದು ಪೂರ್ತಿ ಹೋಗಿರಲಿಲ್ಲ.