ಅಂಚಿನಲ್ಲಿ ನಿಂತ ಸ್ಟುವರ್ಟ್

ಮೆಟ್ಟಿಲಿಳಿದು ಒಳಗೆ ಬನ್ನಿ. 1960ರ ಅಕ್ಟೋಬರ್. ಹ್ಯಾಂಬರ್ಗ್ ಬಂದರಿನ ಗ್ರೋಸೆ ಫ್ರೈಹೈಟ್ ಬೀದಿಯಲ್ಲಿರುವ ಕೈಸರ್‌ಕೆಲ್ಲರ್, ನೆಲಮಾಳಿಗೆಯ ಕ್ಲಬ್ಬು. ಹೊಗೆಗೆ ಕಣ್ಣು ಉರಿಯುತ್ತದೆ, ಬಿಯರ್ ಚೆಲ್ಲಿದ ನೆಲಕ್ಕೆ ಬೂಟು ಅಂಟಿಕೊಳ್ಳುತ್ತದೆ. ನಾವಿಕರು ಮೇಜು ಗುದ್ದುತ್ತಿದ್ದಾರೆ. ಬಿಯರ್ ಪೆಟ್ಟಿಗೆಗಳ ಮೇಲೆ ಹಲಗೆ ಹಾಸಿದ ವೇದಿಕೆ ಹೆಜ್ಜೆ ಹೆಜ್ಜೆಗೂ ಕಿರುಗುಡುತ್ತದೆ. ಸುಮ್ಮನೆ ನಿಂತು ಹಾಡಿದರೆ ಮಾಲೀಕ ಬ್ರೂನೋ ಕೋಶ್ಮೈಡರ್‌ಗೆ ಆಗದು. ಕುಣಿಯಿರಿ, ಜನರನ್ನು ರಂಜಿಸಿ ಎಂದು ಅಬ್ಬರಿಸುತ್ತಾನೆ.

ಲಿವರ್‌ಪೂಲ್‌ನ ಬೀಟಲ್ಸ್ ತಂಡದ ಐವರು ಹುಡುಗರು ಮೇಲಿದ್ದಾರೆ. ಜಾನ್ ಲೆನನ್ ಗಂಟಲು ಹರಿಯುವಂತೆ ಹಾಡುತ್ತಿದ್ದಾನೆ, ಪಕ್ಕದಲ್ಲಿ ಪಾಲ್. ಜಾರ್ಜ್‌ಗೆ ಇನ್ನೂ ಹದಿನೇಳು. ಹಿಂದೆ ಡ್ರಮ್ಸ್‌ಗೆ ಪೀಟ್ ಬೆಸ್ಟ್. ಅವರನ್ನು ಜಗತ್ತು ಮುಂದೆ ಬೇಕಾದಷ್ಟು ನೋಡುತ್ತದೆ, ಬಿಡಿ. ನೀವು ಅಂಚಿನಲ್ಲಿರುವವನನ್ನು ನೋಡಿ.

ಸಪೂರ ಮೈ, ಕತ್ತಲಲ್ಲೂ ಕಪ್ಪು ಕನ್ನಡಕ. ಕೊರಳಿಗೆ ಹಾಕಿಕೊಂಡ ಹಾಫ್ನರ್ ಪ್ರೆಸಿಡೆಂಟ್ ಬೇಸ್ ಗಿಟಾರ್ ಅವನ ಎದೆಯನ್ನೆಲ್ಲ ಮುಚ್ಚಿದೆ. ಬೆರಳುಗಳು ದಪ್ಪ ತಂತಿಯ ಮೇಲೆ ಅಳೆದು ಸುರಿದಂತೆ ಚಲಿಸುತ್ತವೆ, ಕಲಿತದ್ದೇ ಈಚೆಗೆ. ಸ್ಟುವರ್ಟ್ ಸಟ್‌ಕ್ಲಿಫ್‌ನ ನಿಜವಾದ ಕಸುಬು ಚಿತ್ರ ಬರೆಯುವುದು. ಲಿವರ್‌ಪೂಲ್‌ನ ವಾಕರ್ ಗ್ಯಾಲರಿಯ ಪ್ರದರ್ಶನದಲ್ಲಿ ಅವನ ಚಿತ್ರವೊಂದು 65 ಪೌಂಡಿಗೆ ಮಾರಾಟವಾಯಿತು. ಆ ದುಡ್ಡಿನ ಧೈರ್ಯದಲ್ಲೇ, ಕಲಾಶಾಲೆಯ ಗೆಳೆಯ ಜಾನ್‌ನ ಒತ್ತಾಯಕ್ಕೆ ಈ ವಾದ್ಯ ಬಂತು.

ಇವನು ಒಂದು ಹಾಡಿಗೆ ಮುಂದೆ ಬರುತ್ತಾನೆ, ಎಲ್ವಿಸ್‌ನ ‘ಲವ್ ಮಿ ಟೆಂಡರ್’ಗೆ. ಗದ್ದಲ ತಗ್ಗುತ್ತದೆ. ವೇದಿಕೆಯ ಹತ್ತಿರದ ಮೇಜಿನಲ್ಲಿ ಬಿಳಿಚು ಮುಖದ, ಕಪ್ಪುಡುಗೆಯ ಹುಡುಗಿ: ಛಾಯಾಗ್ರಾಹಕಿ ಆಸ್ಟ್ರಿಡ್ ಕಿರ್ಷ್‌ಹೆರ್. ಅವಳನ್ನು ಕರೆತಂದದ್ದು ಗೆಳೆಯ ಕ್ಲಾಸ್ ಫೋರ್ಮನ್. ಅವನು ತಾನು ಬರೆದ ರೆಕಾರ್ಡ್ ಹೊದಿಕೆಯೊಂದನ್ನು ಜಾನ್‌ಗೆ ತೋರಿಸಲು ಹೋದಾಗ, ನಮ್ಮಲ್ಲಿ ಚಿತ್ರಗಾರ ಇವನು ಎಂದು ಜಾನ್ ಸ್ಟುವರ್ಟ್‌ನತ್ತ ಕಳಿಸಿದ್ದನಂತೆ. ಆ ಮಾತು ನನಗೆ ಬಹಳ ಮುಖ್ಯ. ಬೇಸ್ ಬಾರದ ಹುಡುಗ ಎಂದು ಇವನನ್ನು ಬದಿಗೆ ಸರಿಸಿದ ಕಥೆಗಳೇ ಹೆಚ್ಚು. ಜೊತೆಗಿದ್ದವರಿಗೆ ಮಾತ್ರ ಅವನು ಯಾರೆಂದು ಆಗಲೇ ಗೊತ್ತಿತ್ತು.

ಆಟ ಮುಗಿದು ಐವರೂ ಬಾಂಬಿ ಸಿನಿಮಾ ಮಂದಿರದ ಪರದೆ ಹಿಂದಿನ ಕೋಣೆಗಳಿಗೆ ಮರಳುತ್ತಾರೆ. ಕಿಟಕಿಯಿಲ್ಲ, ಗೋಡೆಯಾಚೆಯೇ ಶೌಚಾಲಯ. ತೇವಕ್ಕೆ ಹಾಸಿಗೆ ತಣ್ಣಗಾಗಿದೆ.

1961ರ ಬೇಸಿಗೆ. ಗೆಳೆಯರು ಊರಿಗೆ ಹೊರಟರೆ ಸ್ಟುವರ್ಟ್ ಆಸ್ಟ್ರಿಡ್ ಜೊತೆ ಹ್ಯಾಂಬರ್ಗಿನಲ್ಲೇ ಉಳಿಯುತ್ತಾನೆ. ಬೇಸ್ ಪಾಲ್ ಕೈ ಸೇರಿದೆ. ಈಗ ಸ್ಟುವರ್ಟ್ ಮುಂದಿರುವುದು ಕ್ಯಾನ್ವಾಸು, ಗುರು ಶಿಲ್ಪಿ ಎಡ್ವರ್ಡೊ ಪಾವ್ಲೋಝಿ. ಬಣ್ಣದ ಮೇಲೆ ಬಣ್ಣ ಹಚ್ಚುತ್ತಾನೆ. ಮಧ್ಯೆ ತಲೆನೋವು, ಬೆಳಕನ್ನೇ ತಾಳಲಾಗದಂಥ ತಲೆನೋವು. ವಾಸಿಯಾದಾಗ ಮತ್ತೆ ಕುಂಚ.

1962ರ ಏಪ್ರಿಲ್ 10. ಆಸ್ಪತ್ರೆಗೆ ಹೋಗುವ ಆಂಬುಲೆನ್ಸ್‌ನಲ್ಲಿ ಸ್ಟುವರ್ಟ್ ಪಕ್ಕದಲ್ಲಿ ಆಸ್ಟ್ರಿಡ್ ಇದ್ದಾಳೆ. ಮೆದುಳಿನಲ್ಲಿ ರಕ್ತಸ್ರಾವ, ದಾರಿಯಲ್ಲೇ ಪ್ರಾಣ ಹೋಗುತ್ತದೆ. ವಯಸ್ಸು 21. ಮಾರನೇ ದಿನ ಜಾನ್, ಪಾಲ್, ಪೀಟ್ ಹ್ಯಾಂಬರ್ಗಿನಲ್ಲಿ ಇಳಿಯುತ್ತಾರೆ. ಸುದ್ದಿ ಹೇಳಲು ವಿಮಾನ ನಿಲ್ದಾಣಕ್ಕೆ ಬಂದವಳೂ ಅವಳೇ. ಹದಿಮೂರರಂದು ಸ್ಟಾರ್-ಕ್ಲಬ್ಬಿನ ಆರಂಭ. ಒಪ್ಪಂದದಂತೆ ಬೀಟಲ್ಸ್ ವೇದಿಕೆ ಹತ್ತುತ್ತದೆ.