ಹಾಜರಿ ಪುಸ್ತಕದ ಹೆಸರು

ಆರನೆಯ ತರಗತಿಯಲ್ಲಿ ಹಾಜರಿ ಕರೆಯುವಾಗ ಒಂದು ಹೆಸರನ್ನು ಮಾತ್ರ ನಾನು ಕರೆಯುತ್ತಿರಲಿಲ್ಲ. ಓದಲು ಹೋದರೆ ನಾಲಿಗೆ ತೊಡರುತ್ತಿತ್ತು. ಹಾಗಾಗಿ "ಅಸ್ಸಾಂ" ಎಂದುಬಿಡುತ್ತಿದ್ದೆ. ಹಿಂದಿನ ಬೆಂಚಿನಿಂದ "ಎಸ್ ಮಿಸ್" ಎಂದು ಸಣ್ಣ ದನಿ ಬರುತ್ತಿತ್ತು. ಮಕ್ಕಳು ಅವಳನ್ನು "ಚೀನಾ" ಎಂದರೆ ಗದರುತ್ತಿದ್ದವಳೂ ನಾನೇ!

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಕುಂದಾಣದ ಕಡೆಗೂ ಹೊರಗಿನ ಜನ ಬರತೊಡಗಿದ್ದರು. ಈ ಹುಡುಗಿಯ ತಂದೆ ಒಂದು ಗೋಡೌನಿನ ವಾಚ್‌ಮನ್, ತಾಯಿ ದ್ರಾಕ್ಷಿ ತೋಟದ ಕೂಲಿ. ಊರು ಅಸ್ಸಾಮಿನ ಕೊಕ್ರಝಾರ್, ಮನೆಮಾತು ಬೋಡೋ.

2012ರ ಜುಲೈನಲ್ಲಿ ಅವರ ಜಿಲ್ಲೆಯಲ್ಲಿ ಬೋಡೋಗಳಿಗೂ ಬಂಗಾಳಿ ಮಾತಿನ ಮುಸ್ಲಿಮರಿಗೂ ಗಲಭೆ ಹತ್ತಿತು. ಕದ್ದುಮುಚ್ಚಿ ಇಟ್ಟ ಬಂದೂಕುಗಳು ಅಲ್ಲಿ ಮೊದಲೇ ಬೇಕಾದಷ್ಟಿದ್ದವು. ಎರಡೂ ಕಡೆ ಮನೆಗಳು ಸುಟ್ಟವು, ಲಕ್ಷಗಟ್ಟಲೆ ಜನ ಶಿಬಿರ ಸೇರಿದರು. ಆಗಸ್ಟ್ ಹೊತ್ತಿಗೆ ಅದರ ಬಿಸಿ ಬೆಂಗಳೂರಿಗೂ ತಟ್ಟಿತು. ರಂಜಾನ್ ಮುಗಿಯುವುದರೊಳಗೆ ಈಶಾನ್ಯದವರು ಊರು ಬಿಡಬೇಕು, ಇಲ್ಲವಾದರೆ ಉಳಿಗಾಲವಿಲ್ಲ ಎಂದು ಮೊಬೈಲುಗಳಲ್ಲಿ ಸುದ್ದಿ. ಸ್ವಾತಂತ್ರ್ಯ ದಿನದ ಸಂಜೆಯೇ ಸಿಟಿ ರೈಲು ನಿಲ್ದಾಣ ತುಂಬಿಹೋಯಿತು. ಸರ್ಕಾರ ಗುವಾಹಟಿಗೆ ವಿಶೇಷ ರೈಲು ಬಿಟ್ಟಿತು. ಒಂದು ಮೊಬೈಲಿನಿಂದ ದಿನಕ್ಕೆ ಐದೇ ಎಸ್ಸೆಮ್ಮೆಸ್ ಎಂದು ಕಟ್ಟುಪಾಡು ಮಾಡಿತು. ಮೂರು ನಾಲ್ಕು ದಿನದಲ್ಲಿ ಸುಮಾರು 30 ಸಾವಿರ ಜನ ಹೊರಟೇಹೋದರು.

ಮರುದಿನ ಹುಡುಗಿ ಶಾಲೆಗೆ ಬರಲಿಲ್ಲ. ಸಂಜೆ ಮೊಟ್ಟೆ ಅಂಗಡಿಯ ಸಾಬರ ಹತ್ತಿರ ಹೇಳಿಕೊಂಡೆ. ಅವರು ಉಪವಾಸ ಬಿಟ್ಟು ಆಗತಾನೆ ಬಂದಿದ್ದರು.

"ನಡೀರಿ ಟೀಚರಮ್ಮ, ನಾನೂ ಬರ್ತೀನಿ. ನನ್ನ ಗಡ್ಡ ನೋಡಿ ಹೆದರಿದ್ರೆ ಬಾಗಿಲಿಂದಾನೇ ವಾಪಸ್ ಬಂದುಬಿಡ್ತೀನಿ" ಎಂದರು.

ನಮ್ಮ ಸ್ತ್ರೀಶಕ್ತಿ ಸಂಘದ ಇಬ್ಬರೂ ಜೊತೆಗೂಡಿದರು. ಬರಿಗೈಲಿ ಹೋಗುವುದು ಹೇಗೆಂದು ಹಿತ್ತಲಿನ ಒಂದು ಚಕ್ಕೋತ ಕಿತ್ತುಕೊಂಡೆ. ಸಾಬರು ಒಂದು ಡಜನ್ ಮೊಟ್ಟೆ ಕಟ್ಟಿಕೊಂಡರು.

ತಗಡಿನ ಶೆಡ್ಡಿನಲ್ಲಿ ಗಂಟುಮೂಟೆ ಕಟ್ಟಿಯಾಗಿತ್ತು. ಸಾಬರನ್ನು ಕಂಡು ತಂದೆ ಎದ್ದು ನಿಂತ, ಕೂರಿ ಎನ್ನಲಿಲ್ಲ. ಚಕ್ಕೋತ ಕಂಡು ಹುಡುಗಿ ಮಾತ್ರ ಅರಳಿದಳು. ಅವರ ಊರಲ್ಲೂ ಆ ಹಣ್ಣು ಇದೆಯಂತೆ, ಉಪ್ಪು ಮೆಣಸಿನಕಾಯಿ ಬೆರೆಸಿ ತಿನ್ನುತ್ತಾರಂತೆ. ಚಕ್ಕೋತ ನಮ್ಮ ದೇವನಹಳ್ಳಿಯದೇ ಸ್ವತ್ತು ಎಂದುಕೊಂಡಿದ್ದೆ ನಾನು.

ನಾವಿದ್ದೇವೆ, ಹೋಗಬೇಡಿ ಎಂದೆವು. ಸಾಬರು ತಮ್ಮ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದರು. ತಾಯಿ ಹರಕು ಹಿಂದಿಯಲ್ಲಿ ಮೆಲ್ಲಗೆ ಹೇಳಿದಳು, "ದೀದಿ, ಇಲ್ಲಿಗೆ ಬಂದು ಎರಡು ವರ್ಷವಾಯಿತು. ನಮ್ಮ ಮನೆಗೆ ಯಾರೋ ಬಂದದ್ದು ಇವತ್ತೇ ಮೊದಲು."

ಯಾರ ಬಾಯಲ್ಲೂ ಮಾತಿಲ್ಲ. ಎರಡು ವರ್ಷ ಮುಖ ನೋಡದವರನ್ನು ಒಂದು ರಾತ್ರಿಗೆ ನಂಬಿ ಎಂದರೆ ಅವರಾದರೂ ಹೇಗೆ ನಂಬಿಯಾರು?

ಊರಿನ ವಿಳಾಸ ಬರೆದುಕೊಡು ಎಂದು ಹುಡುಗಿಗೆ ಪೆನ್ನು ಕೊಟ್ಟೆ. ಬರೆದದ್ದು ನೋಡಿದರೆ ದೇವನಾಗರಿ! ಬೋಡೋ ಭಾಷೆಯನ್ನು ಆ ಲಿಪಿಯಲ್ಲೇ ಬರೆಯುತ್ತಾರಂತೆ. 2003ರ ತಿದ್ದುಪಡಿಯಿಂದ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿದ ಭಾಷೆ ಅದು. ಬಿಎ ಬಿಎಡ್ ಮಾಡಿದ ನನಗೆ ಅಷ್ಟೂ ಗೊತ್ತಿರಲಿಲ್ಲ. ಅವಳ ಹೆಸರನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ. ಎಷ್ಟು ಸುಲಭವಾಗಿತ್ತು! ಬೆಳಗಾಗುವಷ್ಟರಲ್ಲಿ ಅವರು ಹೊರಟುಹೋಗಿದ್ದರು.

ದೀಪಾವಳಿ ಕಳೆದ ಮೇಲೆ ಮರಳಿ ಬಂದರು, ಹೊಟ್ಟೆಪಾಡು ನೋಡಿ. ಅಂದು ಅವಳ ಕೈಯಲ್ಲೇ ಬೋರ್ಡಿನ ಮೇಲೆ ಹೆಸರು ಬರೆಸಿದೆ. ಆ ವರ್ಷವಷ್ಟೇ ಹಿಂದಿ ಹಿಡಿದಿದ್ದ ಮಕ್ಕಳು ಕೂಗಿ ಓದಿದರು. ಹಿಂದಿ ಪೀರಿಯಡ್ಡಿನಲ್ಲಿ ಅವಳ ಪಕ್ಕ ಕೂರಲು ಜಗಳವೇ ಶುರುವಾಯಿತು, ಹೋಂವರ್ಕಿನ ಆಸೆಗೆ.

ದೊಡ್ಡವರದು ಅಷ್ಟು ಸಲೀಸಾಗಲಿಲ್ಲ. ತಾಯಿಯನ್ನು ಸಂಘಕ್ಕೆ ಸೇರಿಸೋಣ ಎಂದರೆ ಒಣಮೀನಿನ ವಾಸನೆ ಎಂದು ಮೂಗು ಮುರಿದರು. ನಮ್ಮ ಮನೆಯ ಹುರುಳಿ ಬಸ್ಸಾರಿನ ವಾಸನೆ ಅವಳಿಗೆ ಹೇಗಿರುತ್ತೋ ಎಂದು ಕೇಳಿದೆ. ಇಬ್ಬರು ಸಂಘ ಬಿಟ್ಟರು. ಉಳಿದವರು ತಿಂಗಳಿಗೊಮ್ಮೆ ಆ ಶೆಡ್ಡುಗಳ ಕಡೆ ಹೋಗಿಬರುವುದೆಂದು ಗೊತ್ತುಮಾಡಿದೆವು, ಗಲಾಟೆ ಇರಲಿ ಬಿಡಲಿ. ಸಾಬರ ಅಂಗಡಿಯ ಗೋಡೆಗೆ ನಮ್ಮೆಲ್ಲರ ಫೋನ್ ನಂಬರು ಬಿತ್ತು, ಹಿಂದಿಯಲ್ಲಿ.

2014ರ ಆರಂಭದಲ್ಲಿ ದೆಹಲಿಯಲ್ಲಿ ಅರುಣಾಚಲದ ಹುಡುಗ ನಿಡೋ ತಾನಿಯಾ ಹೊಡೆತ ತಿಂದು ಸತ್ತ. ಆಮೇಲೆ ನೇಮಿಸಿದ ಬೆಜ್‌ಬರುವಾ ಸಮಿತಿ, ಈಶಾನ್ಯದ ಚರಿತ್ರೆಯನ್ನು ಶಾಲೆಗಳಲ್ಲಿ ಹೇಳಿಕೊಡಬೇಕೆಂದು ಶಿಫಾರಸು ಮಾಡಿತು. ನನ್ನಂಥ ಮೇಷ್ಟರುಗಳಿಗೇ ಮೊದಲು ಹೇಳಿಕೊಡಬೇಕು.

2020ರ ಜನವರಿ 30ರಂದು ಗುವಾಹಟಿಯಲ್ಲಿ 1,615 ಮಂದಿ ಬೋಡೋ ಉಗ್ರರು 178 ಆಯುಧಗಳನ್ನು ಕೆಳಗಿಟ್ಟರು. ಆ ರಾತ್ರಿ ಫೋನು ಬಂತು. "ಮಿಸ್, ಟಿವಿ ನೋಡಿದ್ರಾ?" ಅವಳಾಗಲೇ ಪಿಯುಸಿ ಮುಗಿಸಿ ವಿಮಾನ ನಿಲ್ದಾಣದ ಹತ್ತಿರ ಕೆಲಸಕ್ಕೆ ಸೇರಿದ್ದಳು.

"ಇನ್ನೇನಮ್ಮ, ನಿಮ್ಮಜ್ಜಿ ರಾತ್ರಿ ನಿಶ್ಚಿಂತೆಯಾಗಿ ನಿದ್ದೆ ಮಾಡಬಹುದು" ಎಂದೆ.

"ಫೋನಲ್ಲಿ ಕೇಳಿದೆ ಮಿಸ್. ಇವತ್ತೂ ಬಾಗಿಲಿಗೆ ಮಂಚ ಅಡ್ಡ ಇಟ್ಕೊಂಡೇ ಮಲಗ್ತಾಳಂತೆ."